ಒಂದು ಜ್ವರ, ಮೂರು ಪಾಸಿಟಿವ್: ಅಪ್ಪನಿಗೆ ನಿಜಕ್ಕೂ ಮೂರು ಕಾಯಿಲೆಯಾ?

ಪ್ರಶ್ನೆ: ಡಾಕ್ಟ್ರೇ, ನಾವು ನಾಗರಬಾವಿಯವರು. ಅಪ್ಪನಿಗೆ 58 ವರ್ಷ, ಹತ್ತು ವರ್ಷದಿಂದ ಶುಗರ್ ಇದೆ. ಜ್ವರ ಬಂದು ಇವತ್ತಿಗೆ ಒಂಬತ್ತು ದಿನ. ನಾಲ್ಕನೇ ದಿನ ಹತ್ತಿರದ ಲ್ಯಾಬ್‌ನಲ್ಲಿ ಫೀವರ್ ಪ್ಯಾಕೇಜ್ ಮಾಡಿಸಿದೆವು. ಟೈಫಾಯ್ಡ್‌ಗೆ ಮಾಡುವ ವಿಡಾಲ್ ಟೆಸ್ಟ್‌ನಲ್ಲಿ ಓ 1:160, ಎಚ್ 1:160. ಲೆಪ್ಟೋ ಐಜಿಎಂ ಪಾಸಿಟಿವ್. ಸ್ಕ್ರಬ್ ಟೈಫಸ್ ಐಜಿಎಂ ಪಾಸಿಟಿವ್. ಡೆಂಗಿ, ಮಲೇರಿಯಾ ನೆಗೆಟಿವ್. ಪ್ಲೇಟ್‌ಲೆಟ್ 92 ಸಾವಿರ, ಬಿಳಿ ರಕ್ತಕಣ 6,800, ಎಸ್‌ಜಿಒಟಿ 110, ಬಿಲಿರುಬಿನ್ 0.9, ಕ್ರಿಯಾಟಿನಿನ್ 1.1. ಐದು ದಿನದಿಂದ ಕ್ಲಿನಿಕ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಡುತ್ತಿದ್ದಾರೆ, ಆದರೂ ಸಂಜೆಯಾದರೆ 102 ಜ್ವರ. ಒಬ್ಬರು ಟೈಫಾಯ್ಡ್ ಅಂತಾರೆ, ಇನ್ನೊಬ್ಬರು ಮೂರೂ ಇದೆ ಅಂತಾರೆ. ಒಂದೇ ಸಲಕ್ಕೆ ಮೂರು ಬ್ಯಾಕ್ಟೀರಿಯಾ ಬರೋದುಂಟಾ? ಮೂರಕ್ಕೂ ಬೇರೆ ಬೇರೆ ಔಷಧಿ ಬೇಕಾ? ಜ್ವರ ಶುರುವಾಗುವ ಹತ್ತು ದಿನ ಮುಂಚೆ ಅಪ್ಪ ಕನಕಪುರದ ಹತ್ತಿರ ನಮ್ಮ ತೋಟದಲ್ಲಿ ನಾಲ್ಕು ದಿನ ಇದ್ದು ಕಳೆ ತೆಗೆಸಿ ಬಂದಿದ್ದರು.

ಉತ್ತರ: ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಒಂದು ಕೆಲಸ ಮಾಡಿ. ಅಪ್ಪನನ್ನು ಚೆನ್ನಾಗಿ ಬೆಳಕಿರುವ ಕಡೆ ಕೂರಿಸಿ, ಅಂಗಿ, ಬನಿಯನ್ ಬಿಚ್ಚಿಸಿ ಮೈಯೆಲ್ಲಾ ನೋಡಿ. ಕಂಕುಳು, ಹೊಕ್ಕುಳ ಸುತ್ತ, ಉಡಿದಾರ ಕೂರುವ ಜಾಗ, ತೊಡೆಸಂದು, ಮೊಣಕಾಲಿನ ಹಿಂದೆ, ಕಿವಿಯ ಹಿಂದೆ. ನಿಮಗೆ ಮುಜುಗರವಾದರೆ ಅಮ್ಮನ ಕೈಲಿ ನೋಡಿಸಿ. ಹುಡುಕಬೇಕಾಗಿರುವುದು ಒಂದು ಕಪ್ಪು ಹೆಕ್ಕಳಿಕೆ. ಬೀಡಿಯಿಂದ ಸುಟ್ಟ ಹಾಗೆ ಇರುತ್ತದೆ, ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಅಗಲ, ಸುತ್ತ ಸ್ವಲ್ಪ ಕೆಂಪು. ನೋವಿರುವುದಿಲ್ಲ, ಕೆರೆತವೂ ಅಷ್ಟಾಗಿ ಇರುವುದಿಲ್ಲ. ಅದಕ್ಕೇ ಅಪ್ಪನನ್ನು ಕೇಳಿದರೆ ಏನೂ ಇಲ್ಲಮ್ಮ ಅಂತಲೇ ಹೇಳುತ್ತಾರೆ. ಕೇಳಬೇಡಿ, ನೋಡಿ.

ಅದು ಸ್ಕ್ರಬ್ ಟೈಫಸ್‌ನ ಗುರುತು, ಪೊದೆಯ ಸಣ್ಣ ಹುಳ ಕಚ್ಚಿದ ಜಾಗ. ಸಿಕ್ಕಿದರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲು ಮುಗಿಯಿತು. ಸಿಗದಿದ್ದರೆ ಸ್ಕ್ರಬ್ ಟೈಫಸ್ ಇಲ್ಲ ಅಂತಲ್ಲ, ಎಷ್ಟೋ ಜನರಲ್ಲಿ ಅದು ಕಾಣುವುದೇ ಇಲ್ಲ.

ಈಗ ನಿಮ್ಮ ರಿಪೋರ್ಟಿಗೆ ಬರುತ್ತೇನೆ. ನೀವು ಕೇಳಿದ್ದು ಮೂರು ಬ್ಯಾಕ್ಟೀರಿಯಾ ಒಟ್ಟಿಗೆ ಬರುತ್ತವಾ ಅಂತ. ಬರಬಹುದು, ನಾನೇ ನೋಡಿದ್ದೇನೆ, ಮುಂದೆ ಹೇಳುತ್ತೇನೆ. ಆದರೆ ನಿಮ್ಮ ಕೈಯಲ್ಲಿರುವ ಹಾಳೆ ಮೂರು ಬ್ಯಾಕ್ಟೀರಿಯಾ ಇವೆ ಅಂತ ಹೇಳುತ್ತಲೇ ಇಲ್ಲ. ಆ ಮೂರು ಟೆಸ್ಟ್‌ಗಳಲ್ಲಿ ಒಂದೂ ಬ್ಯಾಕ್ಟೀರಿಯಾವನ್ನು ನೋಡಿಲ್ಲ. ಅವು ನೋಡಿದ್ದು ಅಪ್ಪನ ರಕ್ತದಲ್ಲಿರುವ ಪ್ರತಿಕಾಯಗಳನ್ನು, ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ ಆಂಟಿಬಾಡಿಗಳನ್ನು. ಐಜಿಎಂ ಅಂದರೆ ಅವುಗಳಲ್ಲಿ ಮೊದಲು ಏಳುವ ಬಗೆ. ವಿಡಾಲ್‌ನ ಓ, ಎಚ್ ಅಂದರೆ ಟೈಫಾಯ್ಡ್ ಬ್ಯಾಕ್ಟೀರಿಯಾದ ಎರಡು ಭಾಗಗಳ ವಿರುದ್ಧದ ಪ್ರತಿಕಾಯಗಳು. ಮನೆಗೆ ಕಳ್ಳ ಬಂದಿದ್ದಾನಾ ಅಂತ ಕೇಳಿದರೆ ನಾಯಿ ಬೊಗಳುತ್ತಿದೆ ಅಂತ ಉತ್ತರ ಕೊಟ್ಟ ಹಾಗೆ. ನಾಯಿ ಕಳ್ಳನಿಗೂ ಬೊಗಳುತ್ತದೆ, ಪಕ್ಕದ ಮನೆಯವರಿಗೂ ಬೊಗಳುತ್ತದೆ, ಹೋದ ವರ್ಷ ಕಳ್ಳ ಬಂದಿದ್ದ ಹೊತ್ತಿಗೆ ಸುಮ್ನೆ ಎದ್ದು ಬೊಗಳುವುದೂ ಉಂಟು.

ನನಗೆ ಆ ರಿಪೋರ್ಟ್‌ನಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಟೈಟರ್, ಅಂದರೆ 1:160 ಅನ್ನುವ ಆ ಅಳತೆ ಅಲ್ಲ, ಪಾಸಿಟಿವ್ ಅನ್ನುವ ಪದವೂ ಅಲ್ಲ. ರಕ್ತ ಕೊಟ್ಟ ದಿನ. ನಾಲ್ಕನೇ ದಿನ ಅಂದಿರಿ. ಟೈಫಾಯ್ಡ್‌ನಲ್ಲಿ ಓ ಪ್ರತಿಕಾಯ ಕಾಣಲು ಸಾಮಾನ್ಯವಾಗಿ ಆರರಿಂದ ಎಂಟು ದಿನ ಬೇಕು, ಎಚ್‌ಗೆ ಹತ್ತರಿಂದ ಹನ್ನೆರಡು ದಿನ. ನಾಲ್ಕನೇ ದಿನವೇ ಎಚ್ 1:160 ಇದೆ ಅಂದರೆ ಅದು ಈ ಜ್ವರದ್ದಲ್ಲ, ಯಾವಾಗಲೋ ಮೈಯಲ್ಲಿ ಉಳಿದುಕೊಂಡಿದ್ದು ಅಂತಲೇ ನನಗೆ ಮೊದಲು ಅನುಮಾನ ಬರುವುದು. ನಮ್ಮ ಊರಿನ ನೀರು ಕುಡಿದು, ರಸ್ತೆ ಬದಿ ಪಾನಿಪೂರಿ ತಿಂದು, 58 ವರ್ಷ ಬದುಕಿದವರ ರಕ್ತದಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಸೇರಿರುವ ಸಾಲ್ಮೊನೆಲ್ಲಾ ಗುಂಪಿನ ಬ್ಯಾಕ್ಟೀರಿಯಾಗಳ ಹಳೇ ಗುರುತು ಸ್ವಲ್ಪವಾದರೂ ಇರುವುದು ಸಹಜ ಅಲ್ವಾ? ಬೇರೆ ಯಾವುದೋ ಜ್ವರ ಬಂದಾಗ, ಮಲೇರಿಯಾನೋ ಡೆಂಗಿನೋ, ಆ ಹಳೇ ಪ್ರತಿಕಾಯಗಳೂ ಅದರ ಜೊತೆಗೆ ಎದ್ದು ಕೂರುತ್ತವೆ. ಪ್ಯಾರಿಸ್‌ನ ಫರ್ನಾಂಡ್ ವಿಡಾಲ್ ಈ ಟೆಸ್ಟ್ ಕೊಟ್ಟಿದ್ದು 1896ರಲ್ಲಿ. ಆ ಕಾಲಕ್ಕೆ ಅದು ದೊಡ್ಡ ವಿಷಯ. ಅವನ ಟೆಸ್ಟ್ ಸರಿಯಾಗಿ ಬಳಸಬೇಕಾದರೆ ಎರಡು ಸಲ ರಕ್ತ ತೆಗೆಯಬೇಕು, ಹತ್ತು-ಹದಿನಾಲ್ಕು ದಿನದ ಅಂತರದಲ್ಲಿ, ಎರಡನೆಯದು ಮೊದಲನೆಯದಕ್ಕಿಂತ ನಾಲ್ಕು ಪಟ್ಟು ಏರಿರಬೇಕು. ಬೆಂಗಳೂರಿನಲ್ಲಿ ಎರಡನೇ ಸಲ ವಿಡಾಲ್ ಮಾಡಿಸಿದವರನ್ನು ನಾನು ಬೆರಳಲ್ಲಿ ಎಣಿಸಬಹುದು. ಒಂದೇ ಸಲ ಮಾಡಿ, 1:160 ಬಂತು, ಟೈಫಾಯ್ಡ್ ಅಂತ ಬರೆದು ಕಳಿಸುವುದು ಇಲ್ಲಿ ಅಭ್ಯಾಸವಾಗಿಬಿಟ್ಟಿದೆ. ಇದರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಲೆಪ್ಟೋ ಐಜಿಎಂ ಕೂಡ ಹೀಗೇ. ಲೆಪ್ಟೋ ಅಂದರೆ ನಾವು ಇಲಿ ಜ್ವರ ಅನ್ನುವುದು. ಅದರ ಐಜಿಎಂ ಕೂಡ ಸಾಮಾನ್ಯವಾಗಿ ಐದನೇ ದಿನ ದಾಟಿದ ಮೇಲೆ ಏರುವುದು, ಒಮ್ಮೆ ಬಂದ ಮೇಲೆ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುವುದು. ಸ್ಕ್ರಬ್ ಟೈಫಸ್ ಐಜಿಎಂ ಸಹ ತಿಂಗಳುಗಟ್ಟಲೆ ಇರುತ್ತದೆ, ಕೆಲವರಲ್ಲಿ ವರ್ಷ ದಾಟುವುದೂ ಇದೆ. ಅಪ್ಪ ತೋಟಕ್ಕೆ ಆಗಾಗ ಹೋಗಿ ಬರುವವರಾದರೆ ಹೋದ ವರ್ಷ ಮೂರು ದಿನ ಬಂದು ಹೋದ ಯಾವುದೋ ಜ್ವರ ಈ ಎರಡರಲ್ಲಿ ಒಂದಾಗಿರಬಹುದು, ಯಾರಿಗೆ ಗೊತ್ತು.

ಇನ್ನೊಂದು ಲೆಕ್ಕ ಇದೆ. ಪ್ಯಾಕೇಜ್ ಅನ್ನುವ ವ್ಯಾಪಾರದಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಒಂದು ಟೆಸ್ಟ್ ತುಂಬಾ ಚೆನ್ನಾಗಿದೆ, ಕಾಯಿಲೆ ಇಲ್ಲದ 100 ಜನರಲ್ಲಿ 90 ಜನರಿಗೆ ಸರಿಯಾಗಿ ಇಲ್ಲ ಅನ್ನುತ್ತದೆ, ಹತ್ತು ಜನರಿಗೆ ಮಾತ್ರ ಸುಳ್ಳು ಪಾಸಿಟಿವ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಇಂಥ ನಾಲ್ಕು ಟೆಸ್ಟ್‌ಗಳನ್ನು ಒಟ್ಟಿಗೆ ಮಾಡಿದರೆ? 0.9ನ್ನು ನಾಲ್ಕು ಸಲ ಗುಣಿಸಿ ನೋಡಿ, 0.66ರ ಹತ್ತಿರ ಬರುತ್ತದೆ. ಅಂದರೆ ಆ ನಾಲ್ಕರಲ್ಲಿ ಒಂದು ಕಾಯಿಲೆಯೂ ಇಲ್ಲದ 100 ಜನರಲ್ಲಿ 34 ಜನರಿಗೆ ಒಂದಾದರೂ ಪಾಸಿಟಿವ್ ಬಂದಿರುತ್ತದೆ. ಟೆಸ್ಟ್ ಜಾಸ್ತಿ ಮಾಡಿದಷ್ಟೂ ಕಾಯಿಲೆ ಜಾಸ್ತಿ ಸಿಗುತ್ತದೆ, ಕಾಯಿಲೆ ಇರಲಿ ಬಿಡಲಿ.

ಟೈಫಸ್ ಹುಡುಕಲು ವೀಲ್-ಫೆಲಿಕ್ಸ್ ಅಂತ ಒಂದು ಟೆಸ್ಟ್ ಕೂಡ ಕೆಲವು ಲ್ಯಾಬ್‌ಗಳು ಸೇರಿಸಿರುತ್ತವೆ, ನಿಮ್ಮ ಹಾಳೆಯಲ್ಲಿ ಓಎಕ್ಸ್‌ಕೆ ಅಂತ ಏನಾದರೂ ಇದೆಯಾ ನೋಡಿ. 1916ರಲ್ಲಿ ಎಡ್ಮಂಡ್ ವೀಲ್ ಮತ್ತು ಆರ್ಥರ್ ಫೆಲಿಕ್ಸ್ ಕಂಡುಕೊಂಡಿದ್ದು. ಟೈಫಸ್ ರೋಗಿಯ ಮೂತ್ರದಲ್ಲಿ ಸಿಕ್ಕ ಪ್ರೋಟಿಯಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಆ ರೋಗಿಯ ರಕ್ತ ಅಂಟಿಕೊಂಡಿತು. ಟೈಫಸ್ ತರುವುದು ಪ್ರೋಟಿಯಸ್ ಅಲ್ಲವೇ ಅಲ್ಲ, ಸುಮ್ನೆ ಹೊರಮೈ ಸ್ವಲ್ಪ ಹೋಲುತ್ತದೆ ಅಷ್ಟೇ. ಅಂದರೆ ಆ ಟೆಸ್ಟ್ ನಿಂತಿರುವುದೇ ಗುರುತು ತಪ್ಪುವುದರ ಮೇಲೆ! ಶುಗರ್ ಇರುವವರಿಗೆ ಪ್ರೋಟಿಯಸ್‌ನಿಂದಲೇ ಮೂತ್ರದ ಸೋಂಕು ಆದರೆ ಅದೂ ಪಾಸಿಟಿವ್ ಆಗಬಹುದು. ಅಂದಹಾಗೆ, ಇಲಿ ಜ್ವರದ ಜೋರಾದ ರೂಪಕ್ಕೆ ವೀಲ್ಸ್ ಕಾಯಿಲೆ ಅನ್ನುತ್ತಾರಲ್ಲ, ಆ ವೀಲ್ ಬೇರೆ. ಅವನು ಅಡಾಲ್ಫ್ ವೀಲ್, 1886ರಲ್ಲಿ ಬರೆದವನು. ನನ್ನ ವಿದ್ಯಾರ್ಥಿಗಳು ಇವರಿಬ್ಬರನ್ನೂ ಒಬ್ಬನೇ ಅಂದುಕೊಂಡು ವೈವಾದಲ್ಲಿ ಸಿಕ್ಕಿಬೀಳುತ್ತಾರೆ.

ಹಾಗಾದರೆ ಅಪ್ಪನಿಗೆ ಏನಾಗಿದೆ? ನೋಡದೆ ಹೇಳಬಾರದು, ಆದರೂ ನನ್ನ ಮನಸ್ಸು ಯಾವ ಕಡೆ ವಾಲುತ್ತಿದೆ ಅಂತ ಹೇಳುತ್ತೇನೆ. ಸ್ಕ್ರಬ್ ಟೈಫಸ್ ಕಡೆ. ಕಾರಣ ಐಜಿಎಂ ಅಲ್ಲ. ತೋಟ, ಕಳೆ, ಹತ್ತು ದಿನ, ಮತ್ತು ಆ ಇಂಜೆಕ್ಷನ್‌ಗೆ ಜಗ್ಗದ ಜ್ವರ.

ಈ ಕಾಯಿಲೆ ತರುವುದು ಓರಿಯೆನ್ಷಿಯಾ ಸುಸುಗಾಮುಶಿ ಅನ್ನುವ ಬ್ಯಾಕ್ಟೀರಿಯಾ. ಅದನ್ನು ಮೈಗೆ ದಾಟಿಸುವುದು ಉಣ್ಣೆಯ ದಾಯಾದಿಯಾದ ಒಂದು ಚಿಕ್ಕ ಹುಳದ ಮರಿ. ಕಣ್ಣಿಗೆ ಬೀಳುವುದು ಕಷ್ಟ, ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಇರುತ್ತದೆ. ಪೊದೆ, ಎತ್ತರದ ಹುಲ್ಲು, ಕಳೆ ಬೆಳೆದ ಬದು, ಇಲಿ ಓಡಾಡುವ ಜಾಗ ಅದಕ್ಕೆ ಇಷ್ಟ. ಕಚ್ಚಿ ಆರರಿಂದ ಇಪ್ಪತ್ತೊಂದು ದಿನದೊಳಗೆ ಜ್ವರ. ನಿಮ್ಮ ಹತ್ತು ದಿನ ಅದರ ನಡುವೆಯೇ ಬರುತ್ತದೆ. ಮಳೆ ನಿಂತು ಹುಲ್ಲು ಸೊಂಪಾಗಿರುವ ತಿಂಗಳುಗಳಲ್ಲಿ ಕನಕಪುರ, ಮಾಗಡಿ, ದೊಡ್ಡಬಳ್ಳಾಪುರ, ಕೋಲಾರ ಕಡೆಯಿಂದ ಬಂದ ಜ್ವರದವರನ್ನು ಕಂಡರೆ ನನಗೆ ಮೊದಲು ನೆನಪಾಗುವುದು ಇದೇ. ಹಳ್ಳಿಗೆ ಹೋಗದವರೂ ಬಚಾವ್ ಅಂತ ಅಂದುಕೊಳ್ಳಬೇಡಿ, ಬಡಾವಣೆಯ ಖಾಲಿ ಸೈಟಿನಲ್ಲಿ ಎದೆಯೆತ್ತರ ಬೆಳೆದ ಪಾರ್ಥೇನಿಯಂ ಕೂಡ ಪೊದೆಯೇ.

ನಾಲ್ಕೈದು ವರ್ಷದ ಹಿಂದೆ ಮಾಗಡಿ ಕಡೆಯ ಒಬ್ಬ ರೈತರು ಹನ್ನೊಂದನೇ ದಿನದ ಜ್ವರದಲ್ಲಿ ಬಂದರು. ಕೈಯಲ್ಲಿ ದಪ್ಪ ಫೈಲು. ವಿಡಾಲ್ ಪಾಸಿಟಿವ್, ಎರಡು ಕಡೆ ಟೈಫಾಯ್ಡ್ ಚಿಕಿತ್ಸೆ ಆಗಿತ್ತು, ಉಸಿರು ಸ್ವಲ್ಪ ಏರುತ್ತಿತ್ತು. ನಾಲ್ಕು ಜನ ಡಾಕ್ಟರು ನೋಡಿದ್ದರು, ಫೈಲನ್ನು. ಪಂಚೆ ಸಡಿಲಿಸಿ ಅಂದೆ. ಹಿಂಜರಿದರು, ಅವರ ಮಗನೂ ಅಲ್ಲೇ ನಿಂತಿದ್ದ. ಎಣ್ಣೆ ಮೆತ್ತಿ ಕಪ್ಪಗಾಗಿದ್ದ ಉಡಿದಾರವನ್ನು ಬೆರಳಲ್ಲಿ ಸರಿಸಿದರೆ ಬಲಗಡೆ ಸೊಂಟದ ಮೇಲೆ, ದಾರ ಕೂತಿದ್ದ ಗೆರೆಯಲ್ಲೇ, ಒಂದು ಕಪ್ಪು ಹೆಕ್ಕಳಿಕೆ. ಅವರಿಗೇ ಅಲ್ಲಿ ಅದು ಇರುವುದು ಗೊತ್ತಿರಲಿಲ್ಲ. ಬಟ್ಟೆ, ದಾರ ಬಿಗಿಯಾಗಿರುವ ಕಡೆ ಆ ಹುಳ ನಿಂತು ಕಚ್ಚುತ್ತದೆ. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಶುರು ಮಾಡಿದ ಮಾರನೇ ದಿನ ರಾತ್ರಿಯೇ ಜ್ವರ ಬಿಟ್ಟಿತು, ಮೂರನೇ ದಿನ ಮುದ್ದೆ ಕೇಳಿದರು.

ಈ ಡಾಕ್ಸಿಸೈಕ್ಲಿನ್ ವಿಷಯ ನಿಮ್ಮ ಅಪ್ಪನಿಗೆ ತುಂಬಾ ಸಂಬಂಧಪಟ್ಟಿದ್ದು. ಸೆಫ್ಟ್ರಿಯಾಕ್ಸೋನ್ ಟೈಫಾಯ್ಡ್‌ಗೆ ಒಳ್ಳೇ ಔಷಧಿ. ಇಲಿ ಜ್ವರಕ್ಕೂ ಕೆಲಸ ಮಾಡುತ್ತದೆ. ಸ್ಕ್ರಬ್ ಟೈಫಸ್‌ಗೆ ಮಾತ್ರ ಅದು ನೀರು. ಆ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೆ ಹೊಕ್ಕು ಕೂರುತ್ತದೆ, ಸೆಫ್ಟ್ರಿಯಾಕ್ಸೋನ್ ಮುರಿಯುವಂಥ ಗೋಡೆಯೂ ಅದಕ್ಕೆ ಸರಿಯಾಗಿ ಇಲ್ಲ. ಡಾಕ್ಸಿಸೈಕ್ಲಿನ್ ಕೊಟ್ಟರೆ ಸ್ಕ್ರಬ್ ಟೈಫಸ್ ಸಾಮಾನ್ಯವಾಗಿ 48 ಗಂಟೆಯಲ್ಲಿ ಇಳಿಯುತ್ತದೆ, ಇಲಿ ಜ್ವರಕ್ಕೂ ಅದು ಆಗುತ್ತದೆ. ಅಜಿತ್ರೋಮೈಸಿನ್ ಟೈಫಾಯ್ಡ್‌ಗೂ ಸ್ಕ್ರಬ್‌ಗೂ ಆಗುತ್ತದೆ, ಗರ್ಭಿಣಿಯರಿಗೆ ನಾವು ಕೊಡುವುದೂ ಅದನ್ನೇ. ಹಾಗಾಗಿ ಮೂರು ಪಾಸಿಟಿವ್‌ಗೆ ಮೂರು ಔಷಧಿ ಬೇಕಾಗಿಲ್ಲ. ಖಚಿತ ಸಾಕ್ಷಿ ಸಿಗುವವರೆಗೆ ಸೆಫ್ಟ್ರಿಯಾಕ್ಸೋನ್ ಜೊತೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ ಸೇರಿಸಿದರೆ ಮೂರೂ ಅದರೊಳಗೆ ಬರುತ್ತವೆ. ಇದನ್ನು ನೀವಾಗಿ ಮೆಡಿಕಲ್ ಸ್ಟೋರ್‌ನಿಂದ ತಂದು ಶುರು ಮಾಡಬೇಡಿ. ಆದರೆ ನಿಮ್ಮ ಡಾಕ್ಟರನ್ನು ಇವತ್ತೇ, ನಾಳೆ ಅಲ್ಲ, ಕೇಳಿ: ಡಾಕ್ಸಿ ಯಾಕೆ ಇನ್ನೂ ಶುರು ಮಾಡಿಲ್ಲ ಅಂತ. ಸ್ಕ್ರಬ್ ಟೈಫಸ್‌ನಲ್ಲಿ ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳು ಒಂದೊಂದಾಗಿ ಕೈಕೊಡುತ್ತವೆ. ಆ ಹಂತಕ್ಕೆ ಹೋದವರಿಗೆ ಎರಡೂ ಔಷಧಿ, ಡಾಕ್ಸಿ ಮತ್ತು ಅಜಿತ್ರೋ, ನರದ ಮೂಲಕ ಒಟ್ಟಿಗೆ ಕೊಟ್ಟರೆ ಒಂದೊಂದೇ ಕೊಡುವುದಕ್ಕಿಂತ ಒಳ್ಳೆಯದು ಅಂತ ವೆಲ್ಲೂರು ಸಿಎಂಸಿ ಮುಂದಾಳತ್ವದಲ್ಲಿ ನಮ್ಮ ದೇಶದ ಹಲವು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2023ರಲ್ಲಿ ತೋರಿಸಿತು, ಸುಮಾರು 800 ರೋಗಿಗಳ ಮೇಲೆ.

ಆದರೆ ಒಂದು ಮಾತು ನನಗೆ ನಾನೇ ಅಡ್ಡ ಹಾಕಿಕೊಳ್ಳಬೇಕು. ಐದು ದಿನ ಸೆಫ್ಟ್ರಿಯಾಕ್ಸೋನ್ ಕೊಟ್ಟರೂ ಜ್ವರ ಇದೆ ಅಂದಮಾತ್ರಕ್ಕೆ ಟೈಫಾಯ್ಡ್ ಅಲ್ಲ ಅಂತ ಹೇಳಲು ಬರುವುದಿಲ್ಲ. ಟೈಫಾಯ್ಡ್ ನಿಧಾನದ ಕಾಯಿಲೆ. ಸರಿಯಾದ ಔಷಧಿ ಕೊಟ್ಟರೂ ನಾಲ್ಕರಿಂದ ಆರು ದಿನ ಜ್ವರ ಬರುತ್ತಲೇ ಇರುತ್ತದೆ, ಮನೆಯವರು ಮೂರನೇ ದಿನಕ್ಕೇ ಆಸ್ಪತ್ರೆ ಬದಲಾಯಿಸುತ್ತಾರೆ, ಆರನೇ ದಿನ ಜ್ವರ ಬಿಟ್ಟಾಗ ಹೊಸ ಡಾಕ್ಟರಿಗೆ ಹೆಸರು ಬರುತ್ತದೆ! ಹಾಗಾಗಿ ದಿನಾ ಜ್ವರದ ಪಟ್ಟಿ ಬರೆದಿಡಿ. 104 ಇದ್ದದ್ದು 103, ಆಮೇಲೆ 102, ಹೀಗೆ ಮೆಟ್ಟಿಲಿಳಿಯುತ್ತಿದೆಯಾ ಅಥವಾ ಮೊದಲ ದಿನದ ಹಾಗೇ ನಿಂತಿದೆಯಾ ಅನ್ನುವುದು ಎಷ್ಟೋ ರಿಪೋರ್ಟಿಗಿಂತ ಹೆಚ್ಚು ಹೇಳುತ್ತದೆ. ಪ್ಯಾರಾಸಿಟಮಾಲ್ ಕೊಡುವ ಮುಂಚೆ ನೋಡಿದ ಜ್ವರ ಬರೆಯಿರಿ, ಕೊಟ್ಟ ಮೇಲಿನದಲ್ಲ.

ಇಲಿ ಜ್ವರ? ನೀವು ಕೊಟ್ಟ ಅಂಕಿ ನೋಡಿದರೆ ಅದು ಹಿಂದೆ ಸರಿಯುತ್ತದೆ. ಜೋರಾದ ಇಲಿ ಜ್ವರದಲ್ಲಿ ಬಿಲಿರುಬಿನ್ ಏರಿ ಕಣ್ಣು ಹಳದಿಯಾಗುತ್ತದೆ, ಕ್ರಿಯಾಟಿನಿನ್ ಏರುತ್ತದೆ, ಆದರೆ ಎಸ್‌ಜಿಒಟಿಯಂಥ ಲಿವರ್ ಎನ್‌ಜೈಮ್‌ಗಳು ಆ ಮಟ್ಟಕ್ಕೆ ಏರುವುದಿಲ್ಲ. ಮೀನಖಂಡ ಮುಟ್ಟಿದರೆ ಕಿರುಚುತ್ತಾರೆ. ಕಣ್ಣು ಕೆಂಪಗಿರುತ್ತದೆ, ಪಿಸುರಿಲ್ಲದೆ ಕೆಂಪು. ನಿಮ್ಮ ಅಪ್ಪನ ಬಿಲಿರುಬಿನ್, ಕ್ರಿಯಾಟಿನಿನ್ ಎರಡೂ ನಾಲ್ಕನೇ ದಿನ ಸರಿಯಾಗಿತ್ತು. ಈಗ ಒಂಬತ್ತನೇ ದಿನ ಹೇಗಿದೆ ಅಂತ ಮತ್ತೆ ನೋಡಬೇಕು. ಪ್ಲೇಟ್‌ಲೆಟ್ 92 ಸಾವಿರ ಯಾರ ಪರವೂ ಸಾಕ್ಷಿ ಹೇಳುವುದಿಲ್ಲ, ಡೆಂಗಿ, ಸ್ಕ್ರಬ್, ಇಲಿ ಜ್ವರ, ಮಲೇರಿಯಾ ಎಲ್ಲದರಲ್ಲೂ ಅದು ಇಳಿಯುತ್ತದೆ. ಅದರ ಬದಲು ಸಿಬಿಸಿ ಹಾಳೆಯಲ್ಲಿ, ಅಂದರೆ ರಕ್ತಕಣಗಳ ಲೆಕ್ಕ ಇರುವ ಹಾಳೆಯಲ್ಲಿ, ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣ ಎಷ್ಟಿದೆ ನೋಡಿ. ಟೈಫಾಯ್ಡ್‌ನಲ್ಲಿ ಅದು ಬಹಳ ಸಲ ಸೊನ್ನೆಗೆ ಇಳಿದಿರುತ್ತದೆ. ಎರಡೋ ಮೂರೋ ಪರ್ಸೆಂಟ್ ಇದ್ದರೆ ನನಗೆ ಟೈಫಾಯ್ಡ್ ಮೇಲಿನ ನಂಬಿಕೆ ಸ್ವಲ್ಪ ಕಮ್ಮಿಯಾಗುತ್ತದೆ. ಖಚಿತ ಸಾಕ್ಷಿಯಲ್ಲ, ಒಂದು ಸುಳಿವು ಅಷ್ಟೇ, ದುಡ್ಡು ಖರ್ಚಿಲ್ಲದ ಸುಳಿವು.

ಸರಿ, ಖಚಿತ ಸಾಕ್ಷಿ ಅಂದರೆ ಯಾವುದು? ಟೈಫಾಯ್ಡ್‌ಗೆ, ರಕ್ತವನ್ನು ಬಾಟಲಿಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಬ್ಲಡ್ ಕಲ್ಚರ್. ನಿಮ್ಮ ಪತ್ರದಲ್ಲಿ ಆ ಎರಡು ಪದ ಇಲ್ಲದಿರುವುದೇ ನನಗೆ ಬೇಜಾರಾಗಿದ್ದು. ಮೊದಲ ಇಂಜೆಕ್ಷನ್ ಚುಚ್ಚುವ ಮುಂಚೆ ಕಲ್ಚರ್‌ಗೆ ರಕ್ತ ತೆಗೆದಿದ್ದರೆ ಇಷ್ಟು ಹೊತ್ತಿಗೆ ಉತ್ತರ ಕೈಯಲ್ಲಿರುತ್ತಿತ್ತು. ಎಷ್ಟು ರಕ್ತ ಅನ್ನುವುದೂ ಮುಖ್ಯ. ಟೈಫಾಯ್ಡ್ ರೋಗಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಗಿಜಿಗುಡುತ್ತಿರುತ್ತದೆ ಅಂತ ಅಂದುಕೊಳ್ಳುತ್ತೇವೆ. ಇಲ್ಲ. ಒಂದು ಮಿಲಿ ರಕ್ತದಲ್ಲಿ ಒಂದು ಸಿಕ್ಕಿದರೆ ದೊಡ್ಡದು, ಎಷ್ಟೋ ಸಲ ಅದಕ್ಕಿಂತಲೂ ಕಮ್ಮಿ. ಎರಡು ಮಿಲಿ ತೆಗೆದು ಬಾಟಲಿಗೆ ಹಾಕಿದರೆ ಕೆರೆಯಲ್ಲಿ ಚೊಂಬು ಮುಳುಗಿಸಿ ಮೀನಿಲ್ಲ ಅಂದ ಹಾಗೆ. ದೊಡ್ಡವರಿಗೆ ಒಂದು ಬಾಟಲಿಗೆ ಎಂಟರಿಂದ ಹತ್ತು ಮಿಲಿ ಬೇಕು, ಎರಡು ಕೈಯಿಂದ ಬೇರೆ ಬೇರೆ. ಇಷ್ಟು ಮಾಡಿದರೂ ನೂರು ಟೈಫಾಯ್ಡ್‌ನಲ್ಲಿ ಐವತ್ತು-ಅರವತ್ತು ಮಾತ್ರ ಸಿಗುತ್ತವೆ. ಬೆಳೆದರೆ ಮಾತ್ರ ಅದಕ್ಕೆ ಎದುರಿಲ್ಲ, ಯಾವ ಔಷಧಿಗೆ ಬಗ್ಗುತ್ತದೆ ಅಂತಲೂ ಹೇಳುತ್ತದೆ. ಸಿಪ್ರೋಫ್ಲಾಕ್ಸಾಸಿನ್‌ಗೆ ನಮ್ಮಲ್ಲಿ ಟೈಫಾಯ್ಡ್ ಬಹುಪಾಲು ಬಗ್ಗದಿರುವಾಗ ಇದು ಸಣ್ಣ ವಿಷಯವಲ್ಲ. ಐದು ದಿನ ಇಂಜೆಕ್ಷನ್ ಆದ ಮೇಲೆ ಈಗ ತೆಗೆದರೆ ಸಿಗುವ ಸಾಧ್ಯತೆ ಕಮ್ಮಿ, ಆದರೂ ಮುಂದಿನ ಡೋಸಿನ ಮುಂಚೆ ತೆಗೆಸಿ. ಮೂಳೆಯೊಳಗಿನ ಮಜ್ಜೆಯ ಕಲ್ಚರ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಔಷಧಿ ಶುರುವಾದ ಮೇಲೂ. ಅಷ್ಟು ದೂರ ಹೋಗಬೇಕಾಗುವುದು ಅಪರೂಪ.

ಸ್ಕ್ರಬ್‌ಗೆ ಆ ಹೆಕ್ಕಳಿಕೆ ಸಿಕ್ಕರೆ ಅದರ ಪೊರೆ ತೆಗೆದು ಪಿಸಿಆರ್, ಅಂದರೆ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಟೆಸ್ಟ್ ಮಾಡಬಹುದು. ಇಲ್ಲದಿದ್ದರೆ ಎಲಿಸಾ ಅನ್ನುವ, ಪ್ರತಿಕಾಯವನ್ನು ಅಳೆದು ಹೇಳುವ ವಿಧಾನದಲ್ಲಿ ಐಜಿಎಂ ಇವತ್ತು ಮತ್ತೆ ಮಾಡಿಸಿ, ಅದೇ ಲ್ಯಾಬ್‌ನಲ್ಲಿ, ಸುಮ್ನೆ ಪಾಸಿಟಿವ್-ನೆಗೆಟಿವ್ ಅಲ್ಲ, ಅಂಕಿ ಸಮೇತ ಕೊಡಿ ಅಂತ ಕೇಳಿ. ನಾಲ್ಕನೇ ದಿನಕ್ಕಿಂತ ಒಂಬತ್ತನೇ ದಿನ ಜಿಗಿದಿದ್ದರೆ ಅದು ಈ ಜ್ವರದ್ದು. ಅಲ್ಲೇ ನಿಂತಿದ್ದರೆ ಹಳೆಯದಿರಬಹುದು. ಲೆಪ್ಟೋಗೂ ಇದೇ ಮಾತು. ಕಾರ್ಡ್ ಟೆಸ್ಟ್‌ನಲ್ಲಿ ಒಂದು ಮಸುಕು ಗೆರೆ ಮೂಡಿದೆ ಅಂತ ಪಾಸಿಟಿವ್ ಬರೆದಿರುವ ರಿಪೋರ್ಟ್ ಆದರೆ ಅದನ್ನು ನಾನು ಪಕ್ಕಕ್ಕೆ ಇಡುತ್ತೇನೆ.

ಈಗ ನಿಜವಾದ ಜೋಡಿ ಸೋಂಕಿನ ಕಥೆ. ಇದರಲ್ಲಿ ಪೆಟ್ಟು ತಿಂದಿದ್ದು ನಾನೇ. ಸಾಫ್ಟ್‌ವೇರ್ ಕೆಲಸದ ಹುಡುಗ, ಇಪ್ಪತ್ತಾರು ವರ್ಷ, ಸಾವನದುರ್ಗ ಹತ್ತಿ ಬಂದಿದ್ದ, ಎರಡು ವಾರಕ್ಕೆ ಜ್ವರ. ಎಡ ಕಂಕುಳಲ್ಲಿ ಹೆಕ್ಕಳಿಕೆ ಸಿಕ್ಕಿತು. ಸಿಕ್ಕಿದ ಖುಷಿಯಲ್ಲಿ ನಾನು ರೌಂಡ್ಸ್‌ನಲ್ಲಿ ಎಲ್ಲರಿಗೂ ತೋರಿಸಿ ಸಣ್ಣ ಭಾಷಣವನ್ನೇ ಮಾಡಿದೆ, ನೋಡಿ ಅಂಗಿ ಬಿಚ್ಚಿಸಿದರೆ ಲ್ಯಾಬ್ ಬೇಡ ಅಂತ. ಡಾಕ್ಸಿ ಶುರುವಾಯಿತು. 104 ಇದ್ದ ಜ್ವರ ಎರಡು ದಿನಕ್ಕೆ 101ಕ್ಕೆ ಬಂತು. ಅಲ್ಲೇ ಕೂತುಬಿಟ್ಟಿತು. ಇಳಿಯುತ್ತದೆ ಬಿಡಿ ಅಂದೆ. ನನಗೆ ಗೊತ್ತಿಲ್ಲದ ಹಾಗೆ ನನ್ನ ಕೈಕೆಳಗೆ ಕಲಿಯುತ್ತಿದ್ದ ಡಾಕ್ಟರ್ ಹುಡುಗಿ ಅಡ್ಮಿಟ್ ಆದ ದಿನವೇ ಎರಡು ಬಾಟಲಿ ಕಲ್ಚರ್ ಕಳಿಸಿದ್ದಳು. ಆ ಬಾಟಲಿಗಳನ್ನು ಒಂದು ಯಂತ್ರದಲ್ಲಿ ಬೆಚ್ಚಗೆ ಇಟ್ಟಿರುತ್ತಾರೆ, ಒಳಗೆ ಬ್ಯಾಕ್ಟೀರಿಯಾ ಬೆಳೆದರೆ ಅದು ಬಿಡುವ ಗಾಳಿಗೆ ಬಾಟಲಿಯ ತಳದ ಬಣ್ಣ ಹಳದಿಗೆ ತಿರುಗುತ್ತದೆ, ಯಂತ್ರ ಕೂಗುತ್ತದೆ. ಸಂಜೆ ಮೈಕ್ರೋಬಯಾಲಜಿಯಿಂದ ಫೋನ್ ಬಂತು, ಎರಡೂ ಬಾಟಲಿ ಕೂಗಿವೆ, ಗ್ರಾಂ ನೆಗೆಟಿವ್ ಅನ್ನುವ ಗುಂಪಿನ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಾಣುತ್ತಿವೆ ಅಂತ. ಮಾರನೇ ದಿನ ಹೆಸರು ಬಂತು, ಸಾಲ್ಮೊನೆಲ್ಲಾ ಟೈಫಿ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ. ಅವನಿಗೆ ಎರಡೂ ಇತ್ತು. ಸೆಫ್ಟ್ರಿಯಾಕ್ಸೋನ್ ಸೇರಿಸಿ ಐದನೇ ದಿನಕ್ಕೆ ಪೂರ್ತಿ ಜ್ವರ ಬಿಟ್ಟಿತು. ಅವನ ವಿಡಾಲ್ ನೆಗೆಟಿವ್ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಇದನ್ನು ನಿಮ್ಮ ರಿಪೋರ್ಟ್ ಪಕ್ಕ ಇಟ್ಟು ನೋಡಿ. ಆ ಹುಡುಗನಲ್ಲಿ ಎರಡಕ್ಕೂ ಗಟ್ಟಿ ಸಾಕ್ಷಿ ಇತ್ತು, ಒಂದಕ್ಕೆ ಮೈಮೇಲಿನ ಗುರುತು, ಇನ್ನೊಂದಕ್ಕೆ ಬಾಟಲಿಯಲ್ಲಿ ಬೆಳೆದ ಬ್ಯಾಕ್ಟೀರಿಯಾ. ಜೊತೆಗೆ ಜ್ವರದ ನಡೆ, ಅರ್ಧ ಇಳಿದು ನಿಂತಿದ್ದು. ಜೋಡಿ ಸೋಂಕು ಅಂತ ನಾನು ಬರೆಯಬೇಕಾದರೆ ಪ್ರತಿಯೊಂದಕ್ಕೂ ಅದರದೇ ಸಾಕ್ಷಿ ಬೇಕು. ಒಂದೇ ಟ್ಯೂಬ್ ರಕ್ತದಲ್ಲಿ ಮೂರು ಪಾಸಿಟಿವ್ ಮಿನುಗಿದರೆ ಅದು ಮೂರು ಸಾಕ್ಷಿ ಅಲ್ಲ, ಒಬ್ಬನೇ ಸಾಕ್ಷಿ ಮೂರು ಸಲ ಸಹಿ ಹಾಕಿದ್ದು.

ಯಾವಾಗ ಜೋಡಿಯ ಅನುಮಾನ ಪಡಬೇಕು ಅಂದರೆ, ಇಲಿ ಇರುವ ಕಡೆ ಇಲಿ ಜ್ವರ ಮತ್ತು ಸ್ಕ್ರಬ್ ಒಟ್ಟಿಗೆ ಬರುವುದಕ್ಕೆ ಅರ್ಥವಿದೆ, ಒಂದು ಇಲಿಯ ಮೂತ್ರದಲ್ಲಿ, ಇನ್ನೊಂದು ಇಲಿಯ ಮೈಮೇಲೆ ಮೇಯುವ ಹುಳದಲ್ಲಿ. ಗದ್ದೆ, ಕಾಲುವೆಯಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡಿದವರು, 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ಆದ ಹಾಗೆ ಮನೆಯೊಳಗೆ ನೀರು ನುಗ್ಗಿ ಅದರಲ್ಲೇ ಓಡಾಡಿದವರು, ಇವರಲ್ಲಿ ಕೇಳಿ ತಿಳಿಯಬೇಕು. ಅಪ್ಪ ತೋಟದಲ್ಲಿ ನೀರಿಗೆ ಇಳಿದಿದ್ದರಾ, ಕಾಲಲ್ಲಿ ಗಾಯ ಇತ್ತಾ? ಇನ್ನೊಂದು ರೀತಿ ಅಂದರೆ, ಒಂದು ಕಾಯಿಲೆ ಇನ್ನೊಂದಕ್ಕೆ ಬಾಗಿಲು ತೆಗೆಯುವುದು. ಟೈಫಾಯ್ಡ್ ಮೂರನೇ ವಾರದಲ್ಲಿ ಕರುಳು ತೂತು ಮಾಡಿದರೆ ಕರುಳಿನ ಬೇರೆ ಬ್ಯಾಕ್ಟೀರಿಯಾಗಳೆಲ್ಲ ಹೊಟ್ಟೆಗೆ ಸುರಿಯುತ್ತವೆ. ಕಲ್ಚರ್‌ನಲ್ಲಿ ಇ. ಕೋಲಿ, ಕ್ಲೆಬ್ಸಿಯೆಲ್ಲಾ ಥರದ ಕರುಳಿನ ಬ್ಯಾಕ್ಟೀರಿಯಾ ಎರಡು ಒಟ್ಟಿಗೆ ಬೆಳೆದರೆ ನಾನು ಜ್ವರದ ಹೆಸರು ಹುಡುಕುವುದನ್ನು ಬಿಟ್ಟು ಹೊಟ್ಟೆ ಸ್ಕ್ಯಾನ್ ಮಾಡಿಸುತ್ತೇನೆ, ಪಿತ್ತನಾಳ, ಲಿವರ್‌ನಲ್ಲಿ ಕೀವು, ಕರುಳು. ಅದೇ ಒಂದೇ ಬಾಟಲಿಯಲ್ಲಿ ಚರ್ಮದ ಮೇಲಿರುವ ಸ್ಟ್ಯಾಫಿಲೋಕಾಕಸ್ ಬೆಳೆದರೆ ಹೆಚ್ಚಿನ ಸಲ ಅದು ಸೂಜಿ ಚುಚ್ಚುವಾಗ ಚರ್ಮ ಸರಿಯಾಗಿ ಒರೆಸದ್ದು, ಸೋಂಕಲ್ಲ.

ಕ್ಯಾನುಲಾ, ಅಂದರೆ ಇಂಜೆಕ್ಷನ್ ಕೊಡಲು ಕೈಯ ನರದಲ್ಲಿ ಬಿಟ್ಟಿರುವ ಸಣ್ಣ ಕೊಳವೆ, ಅದನ್ನು ಮರೆಯಬೇಡಿ. ಐದು ದಿನದಿಂದ ಇಂಜೆಕ್ಷನ್ ಅಂದಿರಿ. ಒಂದೇ ಕ್ಯಾನುಲಾ ಇಟ್ಟುಕೊಂಡು ದಿನಾ ಮನೆಗೆ ಹೋಗಿ ಬರುತ್ತಿದ್ದಾರಾ? ಪ್ಲಾಸ್ಟರ್ ತೆಗೆಸಿ ನೋಡಿ. ಆ ಜಾಗ ಕೆಂಪಾಗಿ, ಮುಟ್ಟಿದರೆ ನೋವು, ನರ ಹಗ್ಗದ ಹಾಗೆ ಗಟ್ಟಿಯಾಗಿದ್ದರೆ ಜ್ವರಕ್ಕೆ ಅದೂ ಕಾರಣವಾಗಬಹುದು, ಮೂಲ ಕಾಯಿಲೆ ಇಳಿದ ಮೇಲೂ. ಜೋಡಿ ಸೋಂಕು ಅಂದರೆ ಜನ ದೊಡ್ಡ ದೊಡ್ಡ ಹೆಸರು ಯೋಚಿಸುತ್ತಾರೆ, ಎರಡನೆಯದು ಎಷ್ಟೋ ಸಲ ನಾವೇ ಚುಚ್ಚಿದ ಸೂಜಿಯದ್ದು.

ಶುಗರ್ ಇರುವುದರಿಂದ ಎರಡು ಜಾಸ್ತಿ ನೋಡಿ, ಮೂತ್ರದ ಕಲ್ಚರ್ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್. ಮೂತ್ರಪಿಂಡದ ಸೋಂಕು, ಲಿವರ್‌ನ ಕೀವು ಶುಗರ್‌ನವರಲ್ಲಿ ನೋವಿಲ್ಲದೆ ಜ್ವರ ಮಾತ್ರ ತೋರಿಸುತ್ತವೆ. ಪಾದದ ಬೆರಳುಸಂದಿ ನೋಡಿ, ಗಾಯ ಇರಬಹುದು. ಮಳೆಗಾಲದಲ್ಲಿ ಉಡುಪಿ, ಮಂಗಳೂರು ಕಡೆ ಹೋಗಿ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಮೆಲಿಯಾಯ್ಡೋಸಿಸ್ ಅಂತ ಮಣ್ಣಿನ ಒಂದು ಬ್ಯಾಕ್ಟೀರಿಯಾ ಕರಾವಳಿಯಲ್ಲಿ ಶುಗರ್‌ನವರನ್ನು ಹುಡುಕಿ ಹಿಡಿಯುತ್ತದೆ, ಕಲ್ಚರ್‌ನಲ್ಲಿ ಬೆಳೆದರೂ ಲ್ಯಾಬ್‌ನವರು ಸ್ಯೂಡೋಮೊನಾಸ್ ಅಂತ ತಪ್ಪಾಗಿ ಹೆಸರಿಡುವುದುಂಟು, ಸೆಫ್ಟ್ರಿಯಾಕ್ಸೋನ್ ಅದಕ್ಕೆ ಸಾಲುವುದಿಲ್ಲ.

ಇವತ್ತು ರಾತ್ರಿ ಉಸಿರು ಏರಿದರೆ, ಮಾತು ತೊದಲಿದರೆ ಅಥವಾ ಹೊತ್ತುಗೊತ್ತು ತಿಳಿಯದ ಹಾಗೆ ಆದರೆ, ಮೂತ್ರ ಕಮ್ಮಿಯಾದರೆ, ಕಣ್ಣು ಹಳದಿಯಾದರೆ, ಹೊಟ್ಟೆ ಗಟ್ಟಿಯಾಗಿ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಲ್ಲದಿದ್ದರೆ, ಇವತ್ತು ನಿಮ್ಮ ಡಾಕ್ಟರನ್ನು ಡಾಕ್ಸಿ ಬಗ್ಗೆ ಕೇಳಿದ ಮೇಲೆ, ನಾಳೆ ಬೆಳಗ್ಗೆ ಫಿಸಿಷಿಯನ್ ಹತ್ತಿರ ಹೋಗಿ. ಜ್ವರದ ಪಟ್ಟಿ, ತೋಟಕ್ಕೆ ಹೋದ ತಾರೀಖು, ಯಾವ ದಿನ ಯಾವ ಔಷಧಿ ಶುರುವಾಯಿತು ಅನ್ನುವುದನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಡಾಕ್ಸಿ ಶುರುವಾದರೆ ಮೊದಲ ಮಾತ್ರೆ ಕೊಟ್ಟ ಗಂಟೆ ಬರೆದಿಡಿ, ಅಲ್ಲಿಂದ 48 ಗಂಟೆ ಎಣಿಸಬೇಕು. ಮಾತ್ರೆ ಊಟವಾದ ಮೇಲೆ, ಒಂದು ದೊಡ್ಡ ಲೋಟ ನೀರಿನ ಜೊತೆ ಕೊಡಿ, ನುಂಗಿದ ತಕ್ಷಣ ಮಲಗಲು ಬಿಡಬೇಡಿ, ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ. ಹಾಗೇ ಬೀರುವಿನಲ್ಲಿ ಅಪ್ಪನ ಹಳೇ ಫೈಲ್ ಇದ್ದರೆ ಒಮ್ಮೆ ತಿರುವಿ ಹಾಕಿ. ಮೂರು ವರ್ಷದ ಹಿಂದೆ ಯಾವುದೋ ಜ್ವರಕ್ಕೆ ಮಾಡಿಸಿದ ವಿಡಾಲ್ ಒಂದು ಸಿಕ್ಕಿ, ಆಗಲೂ ಎಚ್ 1:160 ಇದ್ದರೆ, ಆ ಹಾಳೆಯನ್ನು ಹೊಸ ರಿಪೋರ್ಟಿನ ಮೇಲೆ ಪಿನ್ ಮಾಡಿ ತೆಗೆದುಕೊಂಡು ಹೋಗಿ.